ಸಮುದ್ರ ನೋಡಲು ಹೋದವರು

ಮೇ ತಿಂಗಳ ಶಾಲೆ ರಜೆಯಲ್ಲಿ ಒಂದು ದಿನ ಇಂಗ್ಲೆಂಡಿನ ದಕ್ಷಿಣ ಕಡಲತೀರದ ಬ್ರೈಟನ್‌ಗೆ ಹೋಗಿದ್ದೆವು. ಮಕ್ಕಳಿಗೆ ಪಿಯರ್, ಅಂದರೆ ಸಮುದ್ರದೊಳಕ್ಕೆ ಚಾಚಿದ ಕಟ್ಟೆಯ ಮೇಲಿನ ಆಟಗಳು ಬೇಕಿದ್ದವು. ಶಿವಮೊಗ್ಗದಿಂದ ಬಂದಿರುವ ಅಮ್ಮನಿಗೆ ಸ್ವಲ್ಪ ಬಿಸಿಲು ಬೇಕಿತ್ತು. ನನಗೆ ಒಂದು ದಿನ ಲ್ಯಾಪ್‌ಟಾಪ್ ತೆರೆಯದಿದ್ದರೆ ಸಾಕಿತ್ತು. ಬುತ್ತಿಗೆ ಚಿತ್ರಾನ್ನ, ಮೊಸರನ್ನ, ಒಂದು ಡಬ್ಬಿ ಚಕ್ಕುಲಿ.

ಮೊದಲು ರಾಯಲ್ ಪೆವಿಲಿಯನ್ ಅರಮನೆ. ಗುಮ್ಮಟ ಕಂಡ ಕೂಡಲೇ ಅಮ್ಮ, "ಇದೇನೋ, ಮೈಸೂರು ಅರಮನೆಯ ತಮ್ಮನ ಹಾಗಿದೆ" ಅಂದಳು. ವಯಸ್ಸಿನಲ್ಲಿ ಇದೇ ಅಣ್ಣ. ಮುಂದೆ ನಾಲ್ಕನೇ ಜಾರ್ಜ್ ಆದ ರಾಜಕುಮಾರನಿಗಾಗಿ ಜಾನ್ ನ್ಯಾಶ್ ಇದಕ್ಕೆ ಈ ರೂಪ ಕೊಟ್ಟದ್ದು 1815ರಿಂದ 1823ರ ನಡುವೆ. ನಮ್ಮ ಅರಮನೆ ಮುಗಿದದ್ದು 1912ರಲ್ಲಿ. ಇಲ್ಲಿ ಹೊರಗೆ ಹಿಂದೂಸ್ತಾನ, ಒಳಗೆ ಚೀನಾ. ದುಡ್ಡಿದ್ದವರ ಹುಚ್ಚು ಅಂದರೆ ಹೀಗೇ, ಅಲ್ವಾ?

ಒಳಗೆ ನನ್ನನ್ನು ನಿಲ್ಲಿಸಿದ್ದು ಹಳೆಯ ಫೋಟೊಗಳು. ರಾಜನ ಸಂಗೀತದ ಕೋಣೆಯಲ್ಲಿ ಸಾಲು ಸಾಲು ಮಂಚ, ಮಂಚದ ಮೇಲೆ ನಮ್ಮವರು. 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಇದು ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್, ಬೆಲ್ಜಿಯಂ ಕಡೆ ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆಯಾಗಿತ್ತು. ಒಂಬತ್ತು ಅಡುಗೆಮನೆಗಳಿದ್ದವು. ಹಿಂದೂಗಳಿಗೆ, ಮುಸ್ಲಿಮರಿಗೆ ಬೇರೆ ಬೇರೆ ನಲ್ಲಿ. ಅಮ್ಮನಿಗೆ ಹಿಡಿಸಿದ್ದು ಇದೇ. "ಪರವಾಗಿಲ್ಲ ಕಣೋ, ಊಟದ ವಿಷಯದಲ್ಲಿ ಚೆನ್ನಾಗಿ ನೋಡಿಕೊಂಡಿದ್ದಾರೆ."

ನಾನು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಈ ಉಪಚಾರದ ಚಿತ್ರಗಳನ್ನು ಪೋಸ್ಟ್‌ಕಾರ್ಡ್ ಮಾಡಿ ಮಾರಿದರು. ಪುಸ್ತಕ ಮಾಡಿ ಭಾರತಕ್ಕೂ ಕಳಿಸಿದರು. ಸುಮ್ನೆ ಪ್ರೀತಿಗೆ ಅಲ್ಲ. ವಾಸಿಯಾದವರಲ್ಲಿ ಎಷ್ಟೋ ಜನರನ್ನು ಮತ್ತೆ ಯುದ್ಧಕ್ಕೇ ಅಟ್ಟಿದರು. ಅವರು ಊರಿಗೆ ಬರೆದ ಕಾಗದಗಳನ್ನು ಸರ್ಕಾರ ಒಡೆದು ಓದುತ್ತಿತ್ತು. ಅದಕ್ಕೇ ಗುಟ್ಟಿನ ಮಾತು. ಕರಿಮೆಣಸು ಅಂದರೆ ಭಾರತದ ಸೈನಿಕರು, ಕೆಂಪು ಮೆಣಸು ಅಂದರೆ ಬಿಳಿಯರು. ಕರಿಮೆಣಸು ಮುಗಿಯಿತು ಅಂತ ಗಾಯಾಳು ಒಬ್ಬ ಬರೆದಿದ್ದ. ಇದನ್ನು ಹೇಳಿದಾಗ ಮಗಳು ಮೊದಲು ನಕ್ಕಳು. ಆಮೇಲೆ, "ಮುಗಿಯೋದು ಅಂದ್ರೆ?" ಅಂತ ಕೇಳಿದಳು.

ಮಧ್ಯಾಹ್ನ ಛತ್ರಿ ಅನ್ನುವ, ಆ ಸೈನಿಕರ ಸ್ಮಾರಕ ನೋಡಲು ಹೊರಟೆವು. ಅದು ಊರಾಚೆ, ಪ್ಯಾಚಮ್ ಮೇಲಿನ ಗುಡ್ಡದಲ್ಲಿದೆ. ಕಾರು ಅಲ್ಲಿಯವರೆಗೆ ಹೋಗುವುದಿಲ್ಲ. ಅಮ್ಮನ ಮಂಡಿ ನೋಡಿಕೊಂಡು ನಡೆದದ್ದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಹುಲ್ಲು, ಕುರಿ, ಕಿವಿ ಕೀಳುವ ಗಾಳಿ. ಆಮೇಲೆ ಇದ್ದಕ್ಕಿದ್ದ ಹಾಗೆ ಎಂಟು ಕಂಬದ ಮೇಲೆ ಬೆಳ್ಳನೆಯ ಗುಮ್ಮಟ. ಬಿಸಿಲಿದ್ದರೂ ಕಂಬ ಮುಟ್ಟಿದರೆ ದೇವಸ್ಥಾನದ ನೆಲದ ಹಾಗೆ ತಣ್ಣಗಿತ್ತು.

ಬ್ರೈಟನ್ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ, ಸಿಖ್ ಸೈನಿಕರನ್ನು ಸುಟ್ಟದ್ದು ಇಲ್ಲೇ. ಚಿತೆ ಉರಿದ ಕಡೆ ಮೂರು ಗ್ರಾನೈಟ್ ಚಪ್ಪಡಿ ಹಾಸಿದ್ದಾರೆ. ಮುಸ್ಲಿಂ ಸೈನಿಕರನ್ನು ವೋಕಿಂಗ್‌ನಲ್ಲಿ ಮಣ್ಣು ಮಾಡಿದರು. ಛತ್ರಿಯ ನಕ್ಷೆ ಮುಂಬೈಯ ಇ.ಸಿ. ಹೆನ್ರಿಕ್ಸ್ ಅವರದು. ಉದ್ಘಾಟನೆಯಾದದ್ದು 1921ರ ಫೆಬ್ರವರಿ 1ರಂದು. ಆ 53 ಹೆಸರುಗಳನ್ನು ಪಕ್ಕದಲ್ಲಿ ಕಲ್ಲಿನ ಮೇಲೆ ಕೊರೆಸಿದ್ದು 2010ರಲ್ಲಿ. ಗುಮ್ಮಟಕ್ಕೆ ಇದ್ದ ಅವಸರ ಹೆಸರಿಗೆ ಇರಲಿಲ್ಲ.

ನಮ್ಮ ಕಡೆಯ ಹೆಸರು ಇದೆಯಾ ಅಂತ ಮಗ ಹುಡುಕಿದ. ಸಿಂಗ್‌ಗಳೇ ಜಾಸ್ತಿ. ಮೈಸೂರಿನ ಕುದುರೆ ಪಡೆ ಹೋದದ್ದು ಈಜಿಪ್ಟ್, ಪ್ಯಾಲೆಸ್ಟೀನ್ ಕಡೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ನಾನು ಆ ಏರಿಯಾದಲ್ಲಿ ಮೂರು ವರ್ಷ ರೂಮು ಮಾಡಿಕೊಂಡಿದ್ದವನು. ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಒಂದು ದಿನವೂ ಅತ್ತ ತಿರುಗಿ ನೋಡಿರಲಿಲ್ಲ. ಇದನ್ನು ಮಗನಿಗೆ ಹೇಳಲಿಲ್ಲ.

"ನಮ್ಮೂರ ಕೆರೆ ಏರಿ ಮೇಲಿನ ವೀರಗಲ್ಲಿಗೆ ಯಾರಾದರೂ ಕುಂಕುಮವಾದರೂ ಇಡ್ತಾರೆ" ಅಂತ ಅಮ್ಮ ಗೊಣಗಿದಳು. ಪ್ರತಿ ವರ್ಷ ಜೂನ್‌ನಲ್ಲಿ ಇಲ್ಲಿ ಜನ ಸೇರಿ ನಮನ ಸಲ್ಲಿಸುತ್ತಾರೆ ಅಂದೆ. "ಉಳಿದ ದಿನ?" ಅಂದವಳೇ ಹುಲ್ಲಿನಲ್ಲಿದ್ದ ಹಳದಿ ಹೂವೊಂದನ್ನು ಕಿತ್ತು ಚಪ್ಪಡಿಯ ಅಂಚಿಗಿಟ್ಟಳು. ಗಾಳಿ ಹಾರಿಸಿಕೊಂಡು ಹೋಯಿತು. ಇನ್ನೊಂದು ಕಿತ್ತು, ಮೇಲೊಂದು ಕಲ್ಲು ಹೇರಿದಳು.

ನಮ್ಮ ಸಂಘದ ಬಸ್ ಪ್ರವಾಸದಲ್ಲಿ ಬ್ರೈಟನ್ ಅಂದರೆ ಪಿಯರ್, ಐಸ್‌ಕ್ರೀಮ್, ವಾಪಸ್. ಈ ಸಲ ಎರಡು ಗಂಟೆ ಸೇರಿಸಿ ಅಂತ ಸಮಿತಿಗೆ ಹೇಳಿದ್ದೇನೆ. ಬರುವವರು ಗಟ್ಟಿ ಶೂ ಹಾಕಿಕೊಳ್ಳಿ. ಮೇಲೆ ಅಂಗಡಿಯಿಲ್ಲ, ಶೌಚಾಲಯವೂ ಇಲ್ಲ. ಹತ್ತಲಾಗದವರು ಪೆವಿಲಿಯನ್ ತೋಟದಲ್ಲೇ ಕೂರಬಹುದು.

ಸಂಜೆ ಮಕ್ಕಳಿಗೆ ಮಾತು ಕೊಟ್ಟಂತೆ ಸಮುದ್ರ. 1883ರಿಂದ ಓಡುತ್ತಿರುವ ವೋಕ್ಸ್ ಅನ್ನುವ ಪುಟ್ಟ ಕರೆಂಟ್ ರೈಲು ಹತ್ತಿದೆವು. 1899ರ ಪಿಯರ್ ಮೇಲೆ ಮಕ್ಕಳು ತಿರುಗುವ ಯಂತ್ರ ಹತ್ತಿ ಕಿರುಚಿದರು. ಕಡಲಹಕ್ಕಿಯೊಂದು ಮಗನ ಕೈಯಿಂದ ಚಿಪ್ಸ್ ಹಾರಿಸಿತು, ಚಕ್ಕುಲಿ ಮಾತ್ರ ಮುಟ್ಟಲಿಲ್ಲ. ಆ ಸೈನಿಕರ ಬೂದಿಯನ್ನು ಇದೇ ಸಮುದ್ರಕ್ಕೆ ಬಿಟ್ಟರಂತೆ ಅಂದಾಗ ಅಮ್ಮ ಕಾಲು ನೆನೆಸುವುದನ್ನು ಬಿಟ್ಟು ಹಿಂದೆ ಬಂದು ಬೆಣಚುಕಲ್ಲಿನ ಮೇಲೆ ಕೂತಳು.

ಮನೆ ಮುಟ್ಟಿದಾಗ ರಾತ್ರಿ ಹತ್ತು. ಎಲ್ಲರಿಗೂ ಮೂಗು ಕಟ್ಟಿತ್ತು. ಮೆಣಸಿನ ಸಾರು ಮಾಡ್ತೀನಿ ಅಂತ ಅಮ್ಮ ಅಡುಗೆಮನೆಗೆ ಹೋದಳು. ಡಬ್ಬಿ ಅಲ್ಲಾಡಿಸಿದ ಸದ್ದು ಕೇಳಿತು.

"ಏನೋ, ಕರಿಮೆಣಸು ಮುಗೀತಾ ಬಂತಲ್ಲೋ" ಅಂದಳು. ಶೂ ಬಿಚ್ಚುತ್ತಿದ್ದ ಮಗಳು ತಲೆ ಎತ್ತಿ ನನ್ನ ಮುಖ ನೋಡಿದಳು.