ಮೆಟ್ಟುಗತ್ತಿ ವಾಪಸು ಕೊಡುವ ಮುಂಚೆ

ಕಳೆದ ತಿಂಗಳು ನನ್ನ ಕೊನೆಯ ಜ್ಯೂರಿ, ಅಂದರೆ ನಕ್ಷೆಗಳನ್ನು ಪರೀಕ್ಷಕರ ಮುಂದಿಟ್ಟು ವಿವರಿಸುವ ಪರೀಕ್ಷೆ, ಮುಗಿಯಿತು. ಪಾಸಾಗಿದ್ದೇನೆ. ಒಳಾಂಗಣ ವಿನ್ಯಾಸದ ನಾಲ್ಕು ವರ್ಷದ ಓದಿಗೆ ನನಗೆ ನಾಲ್ಕೂವರೆ ವರ್ಷ ಹಿಡಿಯಿತು. ಫಲಿತಾಂಶ ಬಂದ ದಿನ ಫೋನ್ ಮಾಡಿದವರಿಗೆಲ್ಲ ‘ಹ್ಞೂಂ, ಹ್ಞೂಂ’ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಅಳು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಈಗ ಶಿರಸಿಯ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕೂತಿದ್ದೇನೆ. ಮಳೆ ಬಿಡುವ ಲಕ್ಷಣವಿಲ್ಲ, ಕರೆಂಟು ಬೆಳಿಗ್ಗೆಯೇ ಹೋಗಿದೆ. ಆ ದಿನ ಹೇಳದೆ ಉಳಿದದ್ದನ್ನು ಈಗ ಸಾವಕಾಶವಾಗಿ ಹೇಳುತ್ತೇನೆ.

ಆ ಹೆಚ್ಚುವರಿ ಅರ್ಧ ವರ್ಷದಿಂದಲೇ ಶುರು ಮಾಡಬೇಕು. ಐದನೆಯ ಸೆಮಿಸ್ಟರಿನ ಸ್ಟುಡಿಯೋದಲ್ಲಿ, ಅಂದರೆ ವಿನ್ಯಾಸ ಮಾಡಿ ಕಲಿಯುವ ತರಗತಿಯಲ್ಲಿ, ನಮಗೆ ಕೊಟ್ಟ ವಿಷಯ ‘ದುಡಿಮೆಯ ಜಾಗ’. ಕೊರೊನಾ ಕಾಲದಲ್ಲಿ ಊರಿಗೆ ಮರಳಿದ ಸಾಫ್ಟ್‌ವೇರಿನವರು ಮನೆಯ ಮೆತ್ತಿನಲ್ಲಿ (ಅಟ್ಟದಲ್ಲಿ) ನೆಟ್‌ವರ್ಕ್ ಹುಡುಕುತ್ತ ಕೂತದ್ದನ್ನು ಕಂಡಿದ್ದೆನಲ್ಲ, ಅಂಥವರಿಗಾಗಿ ಶಿರಸಿ ಪೇಟೆಯಲ್ಲಿ ಹತ್ತಾರು ಮಂದಿ ಹಂಚಿಕೊಂಡು ಬಳಸುವ ಕಚೇರಿಯೊಂದನ್ನು ಬರೆದೆ. ಅಡಿಕೆ ಹಾಳೆಯಿಂದ ದೀಪದ ಮರೆ, ದಬ್ಬೆಯ ತಡಿಕೆ, ಗೋಡೆಯ ತುಂಬ ಮಾರಿಕಾಂಬಾ ದೇವಸ್ಥಾನದಲ್ಲಿರುವಂಥ ಕಾವಿ ಚಿತ್ತಾರ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಹಸಿಯಿರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುವ ಕೆಲಸ ಕಾವಿಯದು. ನಾನು ಅದನ್ನು ಸ್ಟಿಕ್ಕರ್ ಮಾಡಿಸಿ ಅಂಟಿಸಲು ಹೊರಟಿದ್ದೆ! ನಕ್ಷೆಯ ಹಾಳೆಗಳು ನೋಡಲು ಬಹಳ ಚಂದ ಬಂದಿದ್ದವು, ಅದೇ ಬಂದ ಗ್ರಹಚಾರ.

ನಮ್ಮ ಗೈಡ್ ಮೇಡಂ ಎಲ್ಲವನ್ನೂ ನೋಡಿ ಒಂದೇ ಪ್ರಶ್ನೆ ಕೇಳಿದರು: ‘ಇಲ್ಲಿ ದಿನಾ ಕೂರುವವರಲ್ಲಿ ಒಬ್ಬರ ಹೆಸರು ಹೇಳು.’ ಹೇಳಲಾಗಲಿಲ್ಲ. ನಾನು ಯಾರನ್ನೂ ಮಾತನಾಡಿಸಿಯೇ ಇರಲಿಲ್ಲ. ಫೇಲಾದೆ. ಆ ಸಿಟ್ಟು ಒಂದು ತಿಂಗಳಿತ್ತು ಮೇಡಂ, ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಮೊದಲ ಕೃತಜ್ಞತೆ ನಿಮಗೆ.

ಮುಖ ತೋರಿಸಲು ನಾಚಿ ಊರಿಗೆ ಬಂದೆ. ಬಂದದ್ದು ಸರಿಯಾಗಿ ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ, ಹೊತ್ತಿಗೆ. ಸಂಜೆಯಾದರೆ ಕೆಳಗಿನ ಮನೆಯ ಹಿಂದಿನ ಮಾಡಿನಲ್ಲಿ (ಸೂರಿನಡಿಯ ಜಾಗದಲ್ಲಿ) ಅಡಿಕೆ ಸುಲಿಯುವವರು ಸೇರುತ್ತಾರೆ. ಮೆಟ್ಟುಗತ್ತಿಯ ಹಲಗೆ ಮೇಲೆ ಕೂತು, ನಿಂತ ಅಲಗಿಗೆ ಹಸಿ ಅಡಿಕೆಯನ್ನು ಒತ್ತಿ, ಮಣಿಕಟ್ಟನ್ನು ಒಂದು ಸಲ ತಿರುಗಿಸಿದರೆ ಸಿಪ್ಪೆ ಬೇರೆ, ಬೆಟ್ಟೆ ಬೇರೆ. ರಾತ್ರಿ ಹತ್ತರವರೆಗೂ ಇದೇ. ಸುಲಿದಷ್ಟಕ್ಕೆ ಕೂಲಿ. ಬೇಸರ ಕಳೆಯಲು ನಾನೂ ಹೋಗಿ ಕೂರತೊಡಗಿದೆ. ಮೂರನೆಯ ದಿನ ಒಂದು ಸಂಗತಿ ಕಣ್ಣಿಗೆ ಬಿತ್ತು. ಒಂದೇ ಬಲ್ಬು, ಅದೂ ಮಾಡಿನ ನಟ್ಟನಡುವೆ, ಬಹಳ ಎತ್ತರದಲ್ಲಿ. ಅಡಿಕೆ ರಾಶಿ ಇರುವುದು ಗೋಡೆಯ ಬದಿಗೆ. ರಾಶಿಯ ಕಡೆ ಮುಖ ಮಾಡಿ ಕೂತವರ ತಲೆಯ ನೆರಳು ನೇರವಾಗಿ ಅವರವರ ಅಲಗಿನ ಮೇಲೇ ಬೀಳುತ್ತಿತ್ತು. ಕಚೇರಿಯ ಮೇಜಿನ ಮೇಲೆ 300ರಿಂದ 500 ಲಕ್ಸ್ (ಬೆಳಕಿನ ಅಳತೆ) ಬೆಳಕು ಬೇಕು ಎಂದು ನಮಗೆ ಕಲಿಸುತ್ತಾರೆ. ಮೊಬೈಲಿನ ಮಾಪಕವನ್ನು ಅಲಗಿನ ಬಳಿ ಹಿಡಿದು ನೋಡಿದರೆ ಐವತ್ತೂ ಇರಲಿಲ್ಲ. ಕಂಪ್ಯೂಟರ್ ನೋಡುವವರಿಗೆ ಅಷ್ಟು ಬೆಳಕು, ಹರಿತದ ಅಲಗಿಗೆ ಬೆರಳು ಕೊಟ್ಟವರಿಗೆ ಇಷ್ಟು. ಇದೂ ದುಡಿಮೆಯ ಜಾಗವೇ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನಾನು ಹುಟ್ಟಿದ ಮನೆಗೂ ಆ ಮಾಡಿಗೂ ನೂರು ಹೆಜ್ಜೆ.

ಮರುಸ್ಟುಡಿಯೋಕ್ಕೆ ಅದನ್ನೇ ಆರಿಸಿಕೊಂಡೆ. ಆಗ ನನಗೆ ನಿಜವಾದ ಪಾಠ ಶುರುವಾಯಿತು, ಮಾಡಿನಲ್ಲಿ ಕೂತ ಹದಿನಾಲ್ಕು ಮಂದಿಯಿಂದ. ಬಿಡುವಿಲ್ಲದ ಹೊತ್ತಿನಲ್ಲೂ ನೀವು ಕೈಕಾಲು ಚಾಚಿ ಟೇಪಿಗೆ ಒಡ್ಡಿದಿರಿ. ಪಾದದಿಂದ ಮಂಡಿಯ ಹಿಂಬದಿಯವರೆಗೆ ಅಳೆದಾಗ ಹೆಚ್ಚಿನವರದು 40 ಸೆಂಟಿಮೀಟರಿನ ಒಳಗೇ ಇತ್ತು. ಅಂಗಡಿಯಲ್ಲಿ ಸಿಗುವ ಕುರ್ಚಿಗಳ ಎತ್ತರ 45ರ ಆಸುಪಾಸು. ಬ್ಯಾಂಕಿಗೆ ಹೋದಾಗ ಕಾಲು ನೇತಾಡುತ್ತದೆ ಎಂದು ನಗುತ್ತ ಹೇಳಿದಿರಿ, ಅದಕ್ಕೆ ಕಾರಣ ಈ ಐದು ಸೆಂಟಿಮೀಟರು. ಭಾರತೀಯರ ದೇಹದಳತೆಗಳನ್ನು ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲೇ ಪುಸ್ತಕವಾಗಿ ತಂದಿದೆ. ನಮ್ಮ ಲೈಬ್ರರಿಯಲ್ಲಿ ಅದು ಮೊದಲ ದಿನದಿಂದಲೂ ಇತ್ತು. ತೆಗೆದು ನೋಡಲು ನಾನೊಮ್ಮೆ ಫೇಲಾಗಬೇಕಾಯಿತು.

ಬೆನ್ನು ಬಾಗದಿರಲಿ ಎಂದು ಎತ್ತರದ ಮೆಟ್ಟುಗತ್ತಿಯೊಂದನ್ನು ಬರೆದು, ಪೇಟೆಯ ಆಚಾರಿಯವರಿಂದ ಪೆಟ್ಟಿಗೆ ಹಲಗೆಯಲ್ಲಿ ಮಾಡಿಸಿ ತಂದೆ. ಆಚೆಕೇರಿಯ ದೊಡ್ಡಮ್ಮ ಅದರ ಮೇಲೆ ಕೂತು ಹತ್ತು ಅಡಿಕೆ ಸುಲಿದು ಎದ್ದುಬಿಟ್ಟರು. ‘ಕೂಸೇ, ಕತ್ತಿ ಎತ್ತರವಾದರೆ ಮಂಡಿಯ ಹಿಡಿತ ತಪ್ಪುತ್ತದೆ. ಇದರಲ್ಲಿ ಬೆನ್ನು ಉಳಿಯುತ್ತದೆ, ಬೆರಳು ಹೋಗುತ್ತದೆ.’ ಹಾಗಾದರೆ ಮೆಟ್ಟುಗತ್ತಿ ಹೇಗಿದೆಯೋ ಹಾಗೇ ಇರಲಿ, ನೆಲವನ್ನೇ ಬದಲಿಸೋಣ ಎಂದುಕೊಂಡು ಕಾಲು ಇಳಿಬಿಡಲು ನೆಲದಲ್ಲಿ ಉದ್ದಕ್ಕೆ ಒಂದು ಗುಂಡಿಸಾಲು ಬರೆದೆ. ಸಿಪ್ಪೆಯೂ ಅದರೊಳಗೇ ಬಿದ್ದು, ಕೊನೆಯಲ್ಲಿ ಒಟ್ಟಿಗೆ ಗುಡಿಸಿ ತೆಗೆಯಬಹುದು ಎಂಬ ಜಾಣತನ ಬೇರೆ. ‘ಒಂದು ತಾಸಿನಲ್ಲಿ ಮೊಣಕಾಲಿನವರೆಗೆ ಸಿಪ್ಪೆಯಲ್ಲಿ ಹೂತು ಹೋಗುತ್ತೇವೆ, ಆಮೇಲೆ ನಮ್ಮನ್ನೂ ಸೇರಿಸಿ ಗುಡಿಸುತ್ತೀಯೋ?’ ಎಂದರು ದೊಡ್ಡಮ್ಮ. ಮಾಡಿನಲ್ಲಿ ಐದು ನಿಮಿಷ ಕೆಲಸ ನಿಂತಿತ್ತು, ಅಷ್ಟು ನಗು. ಕೊನೆಯ ನಕ್ಷೆಯಲ್ಲಿ ಎರಡು ಸಾಲುಗಳಿವೆ, ಒಂದು ಕಾಲಿಗೆ, ಒಂದು ಸಿಪ್ಪೆಗೆ. ಜ್ಯೂರಿಯಲ್ಲಿ ಎಲ್ಲರೂ ಮೆಚ್ಚಿದ್ದು ಆ ಎರಡನೆಯ ಸಾಲನ್ನೇ. ಅದು ದೊಡ್ಡಮ್ಮನದು ಎಂದು ಹೇಳಿದೆ, ಆದರೆ ಅಂಕಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮುಂದಿನ ವಿಷಯ ‘ಸಮುದಾಯದ ಜಾಗ’. ಈ ಸಲ ಘಟ್ಟದ ಕೆಳಗೆ, ಕಾರವಾರಕ್ಕೆ ಹೋದೆ. ಬೈತಖೋಲ್ ಬಂದರಿನ ಹತ್ತಿರ ಮೀನು ಮಾರುವ ಹೆಂಗಸರಿಗೆಂದು ದಣಿವಾರಿಸಿಕೊಳ್ಳುವ, ಸಂಘದ ಸಭೆ ನಡೆಸುವ ಒಂದು ಕೋಣೆ ಕಲ್ಪಿಸಿಕೊಂಡಿದ್ದೆ. ಮೀನು ಹೊಸ್ತಿಲು ದಾಟದ ಮನೆಯಿಂದ ಬಂದವಳು ನಾನು. ಮೊದಲ ದಿನ ಮೂಗಿಗೆ ವೇಲ್ ಒತ್ತಿಕೊಂಡು ನಿಂತಿದ್ದನ್ನು ನೀವೆಲ್ಲ ನೋಡಿದಿರಿ, ಏನೂ ಅನ್ನಲಿಲ್ಲ. ಆ ಕ್ಷಣಕ್ಕೆ ಕ್ಷಮೆ ಕೇಳುವುದು ಬಾಕಿಯಿತ್ತು, ಕೇಳುತ್ತೇನೆ.

ಹೋದದ್ದು 2024ರ ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಲ್ಲಿ ಮೀನು ಹಿಡಿಯುವುದಕ್ಕೆ ನಿಷೇಧ, ಅವುಗಳಿಗೆ ಕಡಲು ಮುಚ್ಚಿರುತ್ತದೆ, ಮಾತನಾಡಲು ಅವರಿಗೆ ಪುರುಸೊತ್ತಿರುತ್ತದೆ ಎಂಬುದು ನನ್ನ ಲೆಕ್ಕ. ಪುರುಸೊತ್ತಿತ್ತು, ಕೈಯಲ್ಲಿ ಕಾಸಿರಲಿಲ್ಲ ಎಂಬುದು ಹೋದ ಮೇಲೆ ತಿಳಿಯಿತು. ಆ ಎರಡು ತಿಂಗಳು ನಡೆಯುವುದು ಹೆಚ್ಚಾಗಿ ಒಣಮೀನಿನ ಮೇಲೆ. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ನನ್ನ ಎರಡನೆಯ ಪ್ರವಾಸ ಯಲ್ಲಾಪುರ, ಕೈಗಾದ ಮೇಲೆ ಸುತ್ತಿ ಆಯಿತು. ಆ ಗುಡ್ಡದಡಿ ಒಂದು ಚಹಾದಂಗಡಿಯಿತ್ತು. ಲಾರಿಯವರು ನಿಂತು ಚಹಾ ಕುಡಿದು ಹೋಗುತ್ತಿದ್ದ ಜಾಗ. ‘ಸಮುದಾಯದ ಜಾಗ’ ಎಂದು ಹಾಳೆಯ ತಲೆಗೆ ಬರೆಯುವಾಗ ಆ ಅಂಗಡಿ ನೆನಪಾಗಿ ಎರಡು ದಿನ ಪೆನ್ಸಿಲ್ ಮುಟ್ಟಲಾಗಲಿಲ್ಲ. ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆಯೂ ಬಿತ್ತು. ಅಂಥ ತಿಂಗಳುಗಳಲ್ಲಿ ಬೆಂಗಳೂರಿನಿಂದ ಟೇಪು ಹಿಡಿದು ಬಂದ ಹುಡುಗಿಯೊಬ್ಬಳಿಗೆ ‘ಕೂತುಕೋ, ಊಟ ಮಾಡಿದೆಯಾ’ ಎಂದು ಕೇಳುವ ಮನಸ್ಸು ನಿಮಗೆ ಉಳಿದಿತ್ತು. ಕೊಂಕಣಿ ಬಾರದ ನನಗಾಗಿ ಕನ್ನಡಕ್ಕೆ ಹೊರಳಿ, ನಾನು ತಪ್ಪು ಬರೆದುಕೊಂಡರೆ ಮತ್ತೊಮ್ಮೆ ಹೇಳಿ ತಿದ್ದಿಸಿದಿರಿ.

ಅಲ್ಲಿಯೂ ನಾನು ಮೊದಲು ಬರೆದದ್ದೆಲ್ಲ ತಪ್ಪೇ. ಕಬ್ಬಿಣದ ಲಾಕರುಗಳನ್ನು ಬರೆದಿದ್ದೆ. ಅಕ್ಕನೊಬ್ಬರು ತಮ್ಮ ಪೆಟ್ಟಿಗೆಯ ಬೀಗ ತೋರಿಸಿದರು, ಉಪ್ಪುಗಾಳಿಗೆ ತುಕ್ಕು ಹಿಡಿದು ಬೀಗವೂ ಪೆಟ್ಟಿಗೆಯೂ ಒಂದಾಗಿದ್ದವು. ‘ನಮಗೆ ಲಾಕರ್ ಬೇಡ, ಕೂತಲ್ಲಿಂದ ಕಾಣುವ ಹಾಗೆ ಚೀಲ ತೂಗುಹಾಕಲು ಒಂದು ಗೂಟ ಸಾಕು.’ ನುಣುಪು ಟೈಲ್ಸ್ ತೆಗೆದು ಒರಟು ಕಲ್ಲು ಹಾಕಿದೆ. ಶೌಚಾಲಯದ ಬಾಗಿಲ ಪಕ್ಕದಲ್ಲಿ ಹೊರೆ ಇಳಿಸುವ ಕಟ್ಟೆ ಬಂತು. ಹಳೆಯ ದಾರಿಗಳಲ್ಲಿ ಹೊರೆಯವರಿಗೆಂದು ಎತ್ತರದ ಕಲ್ಲುಗಳನ್ನು ನಿಲ್ಲಿಸುತ್ತಿದ್ದರಲ್ಲ, ಅದೇ. ಅದಿಲ್ಲದಿದ್ದರೆ ಬುಟ್ಟಿ ಇಳಿಸಲು ಒಬ್ಬರು, ಎತ್ತಲು ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ಸಿಗುವುದಿಲ್ಲವೆಂದು ಎಷ್ಟೋ ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಈ ಮಾತನ್ನು ನೀವು ದನಿ ತಗ್ಗಿಸಿ ಹೇಳಿದಿರಿ. ಕಟ್ಟೆಯ ಎತ್ತರವನ್ನು ಪುಸ್ತಕದಿಂದ ತರದೆ, ನಿಮ್ಮ ಭುಜಗಳನ್ನು ಅಳೆದೇ ನಿಗದಿ ಮಾಡಿದೆ.

ಸಭೆಯ ಕೋಣೆಯಲ್ಲಿ ಇನ್ನೊಂದು ಪಾಠವಾಯಿತು. 8 ಮೀಟರ್ ಉದ್ದ, 6 ಅಗಲ, ಮೂರೂವರೆ ಎತ್ತರದ ಬರಿ ಗಾರೆಯ ಕೋಣೆಯಲ್ಲಿ ಒಂದು ಸದ್ದು ಅಡಗಲು ನಾಲ್ಕೂವರೆ ಸೆಕೆಂಡಿಗೂ ಹೆಚ್ಚು ಬೇಕೆಂದು ಲೆಕ್ಕ ಹಾಕಿದೆ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಮಾತು ಅದರ ಮೇಲೆ ಬಂದು ಬೀಳುತ್ತದೆ. ತೆಂಗಿನ ನಾರಿನ ದಪ್ಪ ಚಾಪೆಯನ್ನು ಛಾವಣಿಯ ಒಳಗೆ ಕಟ್ಟಿ, ಇಪ್ಪತ್ತೈದು ಮಂದಿ ಕೂತರೆ ಅದು 0.7 ಸೆಕೆಂಡಿಗೆ ಇಳಿಯುತ್ತದೆ. ಬೀಗುತ್ತ ಊರಿಗೆ ಬಂದು ಹಂಚು ಹೊದಿಸುವ ಮಾವನಿಗೆ ತೋರಿಸಿದೆ. ಅವರು ಕೇಳಿದ್ದು ಇಷ್ಟೇ: ‘ಮೇಲೆ ಹಂಚೋ, ತಗಡೋ?’ ತಗಡು ಎಂದೆ. ‘ಹಾಗಾದರೆ ಕಾರವಾರದ ಮಳೆಯಲ್ಲಿ ನಿನ್ನ ಸಭೆ ಕೈಸನ್ನೆಯಲ್ಲೇ ನಡೆಯಬೇಕು.’ ಕೋಣೆಯೊಳಗಿನ ಪ್ರತಿಧ್ವನಿ ಬೇರೆ, ತೆಳು ತಗಡು ಚಂಡೆಯಂತೆ ಬಡಿದುಕೊಳ್ಳುವುದು ಬೇರೆ. ಎರಡನೆಯದಕ್ಕೆ ಭಾರದ ಮಾಡೇ ಬೇಕು. ಮೂರು ವಾರದ ಲೆಕ್ಕ ಬಿಟ್ಟದ್ದನ್ನು ಎಲೆಯಡಿಕೆ ಜಗಿಯುತ್ತ ಒಂದು ವಾಕ್ಯದಲ್ಲಿ ಹಿಡಿದುಕೊಟ್ಟಿರಿ ಮಾವ. ಮಾಡಿಗೆ ಮಂಗಳೂರು ಹಂಚು ಬಂತು.

ಉಳಿದವರನ್ನು ಒಟ್ಟಿಗೆ ನೆನೆಯುತ್ತೇನೆ, ಬೇಸರಿಸಬೇಡಿ. ದೇವಿಮನೆ ಘಟ್ಟದಲ್ಲಿ ಬಸ್ಸಿನ ಮಾಡು ಸೋರಿದಾಗ ನನ್ನ ರಟ್ಟಿನ ಮಾದರಿಗೆ ತಮ್ಮ ರೇನ್‌ಕೋಟ್ ಹೊದಿಸಿ ಕುಮಟೆಯವರೆಗೆ ತಾವೇ ನೆನೆದ ಕಂಡಕ್ಟರ್ ಅಣ್ಣ. ಪ್ರಿಂಟ್ ಅಂಗಡಿಯಲ್ಲಿ ಸಾಲ ಬರೆದುಕೊಂಡು ನಡುರಾತ್ರಿಯವರೆಗೆ ಷಟರ್ ಎಳೆಯದವರು. ಫೇಲಾದ ವಾರ ನನ್ನನ್ನು ಒಬ್ಬಳೇ ಊಟಕ್ಕೆ ಬಿಡದ ಇಬ್ಬರು ಗೆಳತಿಯರು. ‘ಸೋಫಾ ಹೊಲಿಯುವುದನ್ನು ಕಲಿಯಲು ಇಷ್ಟು ವರ್ಷ ಬೇಕೇ’ ಎಂದು ನೆಂಟರು ಕೇಳಿದಾಗಲೆಲ್ಲ ಅಪ್ಪಯ್ಯ ಏನೂ ಉತ್ತರಿಸದೆ ಎದ್ದು ತೋಟಕ್ಕೆ ಹೋಗುತ್ತಿದ್ದರು. ನನ್ನ ಪರವಾಗಿ ಅಷ್ಟು ಜೋರಾಗಿ ಬೇರೆ ಯಾರೂ ಮಾತನಾಡಿಲ್ಲ. ಆಯಿ ಕಾರವಾರದಿಂದ ಬಂದ ನನ್ನನ್ನು ಮೊದಲ ಸಲ ಬಚ್ಚಲಿಗೆ ಅಟ್ಟಿ ಆಮೇಲೆ ಒಳಗೆ ಬಿಟ್ಟುಕೊಂಡಿದ್ದಳು. ನಾಲ್ಕನೆಯ ಸಲ ಹೊರಟಾಗ ‘ಆ ಹೆಂಗಸರಿಗೆ ಕೊಡು’ ಎಂದು ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ಕಟ್ಟಿಕೊಟ್ಟಳು. ಆ ಡಬ್ಬಿ ಖಾಲಿ ಬರಲಿಲ್ಲ, ತುಂಬ ಹಲಸಿನ ಹಪ್ಪಳ ಬಂತು. ಅದೇನು ಕಳಿಸಬಹುದು, ಏನು ಕಳಿಸಬಾರದು ಎಂದು ಅವರೇ ಯೋಚಿಸಿದ್ದರು.

ಇವೆಲ್ಲ ಹಾಳೆಯ ಮೇಲೇ ಇವೆ, ಒಂದೂ ಕಟ್ಟಿಲ್ಲ. ಕಟ್ಟಿಸುತ್ತಾರೆಂಬ ಆಸೆ ಹುಟ್ಟಿಸಿ ಬಂದಿದ್ದರೆ ಅದು ನನ್ನ ತಪ್ಪು. ಕಾರವಾರಕ್ಕೆ ಹೋಗಿ ಎದುರಿಗೇ ಹೇಳುತ್ತೇನೆ. ಆದದ್ದು ಒಂದೇ. ಕೆಳಗಿನ ಮನೆಯ ಮಾಡಿನಲ್ಲಿ ಈಗ ನಡುವಿನ ಬಲ್ಬಿಲ್ಲ. ಗೋಡೆಯ ಬದಿಗೆ ಎರಡು, ತಗಡಿನ ಮರೆಯೊಂದಿಗೆ, ಕೆಳಗೆ ಇಳಿಬಿಟ್ಟು. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ದೊಡ್ಡ ಬಲ್ಬೂ ಬೇಕಾಗಲಿಲ್ಲ. ಖರ್ಚಾದದ್ದು ಹೆಚ್ಚಾಗಿ ಕರೆಂಟಿನ ತಂತಿಗೆ. ಅದರಲ್ಲೊಂದನ್ನು ಯಾರೋ ಮೊಬೈಲ್ ಚಾರ್ಜಿಗೆಂದು ಮತ್ತೆ ಸರಿಸಿದ್ದಾರೆ ಎಂದು ಸುದ್ದಿ ಬಂದಿದೆ. ಯಾರು ಎಂದೂ ಗೊತ್ತಾಗಿದೆ.

ಬರುವ ಭಾನುವಾರ ನಮ್ಮ ಜಗಲಿಯಲ್ಲಿ ನಕ್ಷೆಗಳನ್ನೆಲ್ಲ ತೂಗುಹಾಕುತ್ತೇನೆ. ಮಧ್ಯಾಹ್ನದ ಮೇಲೆ ಬನ್ನಿ, ಚಹಾ, ಬಾಳೆಕಾಯಿ ಚಿಪ್ಸ್ ಇರುತ್ತದೆ. ತಪ್ಪು ಕಂಡರೆ ಪೆನ್ಸಿಲಿನಲ್ಲಿ ಅಲ್ಲೇ ಗುರುತು ಹಾಕಿ. ದೊಡ್ಡಮ್ಮಾ, ಅಡಿಕೆ ಸುಲಿಯುವುದು ಮುಗಿದ ಮೇಲೆ ಜ್ಯೂರಿಗೆಂದು ನಿಮ್ಮಿಂದ ಒಯ್ದ ಮೆಟ್ಟುಗತ್ತಿಯನ್ನು ಕಾಲೇಜಿನ ಗೇಟಿನಲ್ಲಿ ಕಾವಲುಗಾರರು ಆಯುಧವೆಂದು ಹಿಡಿದಿಟ್ಟು, ಪತ್ರ ಬರೆಸಿಕೊಂಡು ಬಿಟ್ಟರು. ಅದು ಇನ್ನೂ ಹಾಸ್ಟೆಲಿನ ಮಂಚದ ಕೆಳಗೆ ಗೋಣಿಚೀಲದಲ್ಲಿ ಸುತ್ತಿಕೊಂಡು ಕೂತಿದೆ. ಅಲಗಿಗೆ ಎಣ್ಣೆ ಹಚ್ಚಿದ್ದೇನೆ. ಕೊನೆಕೊಯ್ಲಿಗೆ ಮುಂಚೆ ತಂದುಕೊಡುತ್ತೇನೆ.