ಇಳಕಲ್ಲಿನಲ್ಲಿ ಇಂಗ್ಲಿಷ್ ಕಲಿಸುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಹೈಸ್ಕೂಲ್ ಮಕ್ಕಳು ಇಂಗ್ಲಿಷ್ ಪೀರಿಯಡ್ಡಿನಲ್ಲಿ ಬಾಯಿಯೇ ಬಿಡುವುದಿಲ್ಲ ಅಂತ ಬರೆದಿದ್ದೀಯ. ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರ ನಿನಗೂ ಗೊತ್ತು, ಗೈಡಿನಲ್ಲೂ ಇದೆ. ಗೊತ್ತಿರುವವನಿಗೇ ಮತ್ತೆ ಯಾಕೆ ಹೇಳಬೇಕು ಹೇಳು? ನಿನಗೆ ಗೊತ್ತಿಲ್ಲದ್ದನ್ನು ಕೇಳು.

ಇಳಕಲ್ ಸೀರೆಯ ಮೈಗೆ ಬೇರೆ ಹಾಸು (ಮಗ್ಗದ ಉದ್ದೆಳೆ), ಸೆರಗಿಗೆ ಬೇರೆ ಹಾಸು, ಎರಡರ ಎಳೆಗಳನ್ನು ಕೊಂಡಿ ಹಾಕಿ ಸೇರಿಸುವುದನ್ನು ನೋಡುತ್ತಲೇ ಬೆಳೆದ ಮಕ್ಕಳು ನಿನ್ನ ಕ್ಲಾಸಿನಲ್ಲಿ ಇದ್ದೇ ಇರುತ್ತಾರೆ. ಹೀಗೆ ಸೇರಿಸಿ ನೇಯುವ ಟೋಪ್ ತೆನಿ ಸೆರಗು ಹೇಗಾಗುತ್ತದೆ ಅಂತ ಅವರೇ ನಿನಗೆ ತಿಳಿಸಿ ಹೇಳಲಿ. ‘ದಿ ಥ್ರೆಡ್ ಈಸ್ ಡೈಡ್, ದಿ ಲೂಪ್ಸ್ ಆರ್ ಜಾಯಿನ್ಡ್’ ಅಂತ ಸಾಗುತ್ತದೆ ನೋಡು, ಪ್ಯಾಸಿವ್ ವಾಯ್ಸ್ ನಿಜಕ್ಕೂ ಬೇಕಾಗುವುದೇ ಇಂಥ ಕಡೆ. ‘ರಾಮ ಈಟ್ಸ್ ಎ ಮ್ಯಾಂಗೋ’ವನ್ನು ಸುಮ್ನೆ ತಿರುಗಿಸಿ ಬರೆದರೆ ಅದು ಯಾಕೆ ಬೇಕು ಅಂತಲೇ ಗೊತ್ತಾಗುವುದಿಲ್ಲ. ಪದ ಸಿಗದಿದ್ದರೆ ಕನ್ನಡದ್ದನ್ನೇ ಇಟ್ಟು ಮುಂದೆ ಹೋಗಲಿ, ತಡೆಯಬೇಡ.

ಆದರೆ ನೇಕಾರರ ಮಕ್ಕಳೆಲ್ಲ ಮಗ್ಗದ ಬಗ್ಗೆಯೇ ಬರೆಯಬೇಕು ಅಂತ ಹಟ ಹಿಡಿಯಬೇಡ. ಸಾಲ, ಕೂಲಿ, ಅಪ್ಪನ ಬೆನ್ನುನೋವು ಎಲ್ಲ ಅದರ ಜೊತೆಗೇ ಬರುತ್ತವೆ, ಅದನ್ನು ಎಲ್ಲರೆದುರು ಓದಲು ಹುಡುಗನಿಗೆ ಮನಸ್ಸಿಲ್ಲದಿರಬಹುದು ಅಲ್ವಾ? ಅವನಿಗೆ ಕಬಡ್ಡಿ ಹುಚ್ಚಿದ್ದರೆ ಕಬಡ್ಡಿಯೇ ಆಗಲಿ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ರೈಡ್, ಬೋನಸ್, ಸೂಪರ್ ಟ್ಯಾಕಲ್ ಎಲ್ಲ ಹುಡುಗರ ಬಾಯಲ್ಲೇ ಇವೆ. ಡೂ ಆರ್ ಡೈ ರೈಡ್ ಅಂದರೇನು ಅಂತ ಕೇಳಿ ನೋಡು. ಸತತ ಎರಡು ರೈಡಿನಲ್ಲಿ ಟೀಮಿಗೆ ಪಾಯಿಂಟ್ ಬರದಿದ್ದರೆ ಮೂರನೆಯದರಲ್ಲಿ ತರಲೇಬೇಕು, ತರದಿದ್ದರೆ ರೈಡರ್ ಔಟ್. ಇದನ್ನು ‘ಇಫ್’ ಇಲ್ಲದೆ ಹೇಳಲು ಆಗುತ್ತದಾ? ಪಕ್ಕದವನು ತಕರಾರು ತೆಗೆದನೋ, ಇನ್ನೂ ಎರಡು ‘ಇಫ್’ ಬರುತ್ತವೆ.

ಸಿಲಬಸ್ ಮುಗಿಯಬೇಕು, ಎಸ್ಸೆಸ್ಸೆಲ್ಸಿ ರಿಸಲ್ಟ್ ಬರಬೇಕು, ಗೊತ್ತು. ಪ್ರೊಫೈಲ್, ಅಂದರೆ ಒಬ್ಬರ ಪರಿಚಯ ಬರೆಯುವ ಪ್ರಶ್ನೆ ಪರೀಕ್ಷೆಯಲ್ಲೂ ಇದೆಯಲ್ಲ, ಅದರ ಅಭ್ಯಾಸ ಓಣಿಯಿಂದಲೇ ಶುರುವಾಗಲಿ. ಮಗ್ಗದ ಮುಂದೆ ವಯಸ್ಸು ಕಳೆದ ಒಬ್ಬ ಅಜ್ಜಿಯನ್ನು ಮಾತಾಡಿಸಿ ಬರಲಿ: ತವರು ಯಾವುದು, ಕೆಲಸ ಕಲಿಸಿದವರು ಯಾರು, ಯಾವ ಅಂಚು ನೇಯುವುದು ಜಾಸ್ತಿ ಕಷ್ಟ. ಬರೆದದ್ದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿ, ಸರಿ ಇದೆಯಾ ಅಂತ ಕೇಳಲಿ. ಆಕೆ ‘ಹಂಗಲ್ಲಪಾ’ ಅಂದರೆ ತಿದ್ದಿ ಬರೆಯಬೇಕು. ನೀನು ಕೆಂಪು ಪೆನ್ನು ತೆಗೆಯುವುದು ಅದಾದ ಮೇಲೆ.

ಇಂತಿ ನಿನ್ನ ಗೆಳೆಯ