ಬರಿಗಾಲಾಗ ನೀರ ಮ್ಯಾಲ ಹೊಂಟ ಮಗಳಿಗೆ

ಕೆಲಗೇರಿ, ಧಾರವಾಡ

ಚಿ. ಸಹನಾಗ ಅಪ್ಪ ಮಾಡೋ ಆಶೀರ್ವಾದ.

ನಾವಿಬ್ಬರೂ ಆರಾಮ ಅದೀವಿ. ಬೋಟು ಎಳಕೊಂಡು ಹೋಗೋವಾಗ ಕಾಲಿನ ಸ್ಕೀ ಹಲಗಿ ಬಿಟ್ಟು ಬರಿಗಾಲಾಗ ನೀರ ಮ್ಯಾಲ ನಿಲ್ಲೋದು ಕಲೀತೀನಿ ಅಂತ ನೀ ಫೋನಿನ್ಯಾಗ ಹೇಳಿದಾಗಿಂದ ನಿಮ್ಮವ್ವಂದು ಒಂದ ಮಾತು: "ಬೋಟು ನಿಧಾನ ಹೊಡಸು ಅಂತ ಹೇಳ್ರಿ ಅಕಿಗೆ."

ಆದ್ರ ಈ ಆಟದಾಗ ನಿಧಾನ ಹೋದ್ರನ ಕಷ್ಟ. ಸ್ಕೀ ಹಲಗಿ ಉದ್ದ ಇರತೈತಿ, ನಿನ್ನ ಅಂಗಾಲು ಗೇಣುದ್ದ. ಅಷ್ಟು ಸಣ್ಣ ಜಾಗ ಮೈಭಾರ ಹೊರಬೇಕಂದ್ರ ನೀರು ಜೋರಾಗಿ ಬಡದು ಕೆಳಗಿಂದ ಎತ್ತಬೇಕು. ವೇಗ ಸಾಲದಿದ್ರ ಕಾಲು ಮುಳಗತಾವು. ಕಲಿಸೋರದು ಒಂದು ಅಂದಾಜು ಲೆಕ್ಕ ಐತಿ: ಮೈತೂಕ ಪೌಂಡಿನ್ಯಾಗ ತಗೊಂಡು 10ರಿಂದ ಭಾಗಿಸಿ 20 ಕೂಡಿಸು, ಗಂಟೆಗೆ ಅಷ್ಟು ಮೈಲಿ. ನೀ 50 ಕಿಲೋ, ಅಂದ್ರ 110 ಪೌಂಡ್. 31 ಮೈಲಿ ಆತು, ಸುಮಾರು 50 ಕಿಲೋಮೀಟರ್. ನವನಗರದ ಹತ್ರ ಚಿಗರಿ ಬಸ್ಸು ಹೊಂಟಂಗ ಅನ್ನು. ಈ ಲೆಕ್ಕ ನಿಮ್ಮವ್ವಗ ತೋರಿಸಿಲ್ಲ.

ನನ್ನ ತಕರಾರು ಬ್ಯಾರೆ. ಬೂಮ್ ಹಿಡದು ಹಿಡದು ಬ್ಯಾಸರಾತು, ಉದ್ದನ ಹಗ್ಗಕ್ಕ ಹೋಗತೀನಿ ಅಂದಿ. ಅವಸರ ಯಾಕವ್ವಾ? ಬೋಟಿನ ಮಗ್ಗಲಿಗೆ ಅಡ್ಡ ಚಾಚಿದ ಆ ಪೈಪು ಗಟ್ಟಿ ಇರತೈತಿ, ನಿನ್ನ ಒಂದಿಷ್ಟು ಭಾರ ಹೊರತೈತಿ. ಬೋಟು ಎಬ್ಬಿಸಿದ ಅಲೆ ಹಿಂದ ಉಳೀತೈತಿ, ಕಲಿಸೋರ ಮಾತೂ ಕಿವಿಗೆ ಬೀಳತೈತಿ. ಹಗ್ಗದ ತುದಿಗೆ ಇದ್ಯಾವುದೂ ಇಲ್ಲ.

ಎದ್ದು ನಿಲ್ಲೂಕಿಂತ ಮೊದಲ, ನೀರ ಮ್ಯಾಲ ಕುಂತು ಜಾರೋವಾಗ ಕಾಲನ್ನ ನೀರಿಗೆ ಕುಕ್ಕಬ್ಯಾಡ. ಹಿಮ್ಮಡಿ ಮೆತ್ತಗ ಇಡು, ಬೆರಳು ಮ್ಯಾಲ ಎತ್ತಿ ಹಿಡಿ, ಭಾರ ಸಾವಕಾಶ ಕಾಲಿಗೆ ಬಿಡು. ಎದ್ದ ಮ್ಯಾಲೂ ಮೊಣಕಾಲು ಮಡಚೇ ಇರಲಿ. ಒಂದು ಬೆರಳು ನೀರಿಗೆ ಸಿಕ್ರ ಸಾಕು, ಮಾರಿ ಕೆಳಗಾಗಿ ಬೀಳತಿ. ಬೀಳೋದು ಖರೇ ಅಂತ ಗೊತ್ತಾದ ಕೂಡ್ಲೆ ಹಿಡಿಕಿ ಬಿಟ್ಟು ಮೈ ಮುದ್ದಿ ಮಾಡ್ಕೋ. ಹಿಡಕೊಂಡು ಜಗ್ಗಾಡಬ್ಯಾಡ, ನಿನ್ನ ಹಟ ನಂಗ ಗೊತ್ತೈತಿ. ಕುಂಡಿಗೆ, ಬೆನ್ನಿಗೆ ದಪ್ಪ ಪ್ಯಾಡ್ ಇದ್ದು ನೀರಾಗ ತೇಲಿಸೋ ಬೇರ್‌ಫೂಟ್ ಸೂಟನ್ನ ಹಾಕ್ಕೋ. ಅದರ ಕೆಳಗ ಬಿಗಿಯಾದ ನಿಯೋಪ್ರಿನ್ ರಬ್ಬರಿನ ಚಡ್ಡಿನೂ ಇರಲಿ. ಆ ವೇಗಕ್ಕ ನೀರು ಮೈಯೊಳಗ ನುಗ್ಗಿ ಗಾಯ ಮಾಡತೈತಿ. ನಾಚಿಕಿ ಮಾಡಿ ಇದನ್ನ ಬಿಡಬ್ಯಾಡ್ರಿ ಅಂತ ನಿಮ್ಮವ್ವನ ಬರಸ್ಯಾಳ.

ನೀ ಇರೋ ಅಮೆರಿಕದ ಮಿನೆಸೊಟಾದಾಗನ, ಪೆಪಿನ್ ಸರೋವರದಾಗ, 1922ರಾಗ 18 ವರ್ಷದ ರಾಲ್ಫ್ ಸ್ಯಾಮುಯೆಲ್ಸನ್ ಮೊದಲ ಸಲ ಎರಡು ಹಲಗಿ ಕಟಗೊಂಡು ನೀರ ಮ್ಯಾಲ ನಿಂತ. ಆ ಹಲಗಿ ಬಿಟ್ಟು ಬರಿಗಾಲಾಗ ನಿಲ್ಲಾಕ 1947 ಬರಬೇಕಾತು, ಅದೂ ಫ್ಲೋರಿಡಾದಾಗ. ನೀ ಇನ್ನೊಂದು ತಿಂಗಳು ಬೂಮ್ ಹಿಡದ್ರ ಗಂಟೇನು ಹೋಗತೈತಿ?

ಗಾಳಿ ಏಳೂಕಿಂತ ಮೊದಲ, ನೀರು ಅಲುಗಾಡದಿದ್ದಾಗ ಹೋಗು. ಬೋಟು ಹೊಡಿಯೋರು ಮುಂದ ನೋಡತಿರತಾರ. ನಿನ್ನ ಮ್ಯಾಲ ಕಣ್ಣಿಡಾಕ, ನೀ ಹೆಬ್ಬೆರಳು ಕೆಳಗ ಮಾಡಿದ್ರ ವೇಗ ಇಳಸು ಅಂತ ಅವರಿಗೆ ಹೇಳಾಕ, ಬೋಟಿನ್ಯಾಗ ಇನ್ನೊಬ್ರು ಇರತಾರೇನು? ಫೋಟೋ ಆಮ್ಯಾಲ ಕಳಸು, ಮೊದಲ ಇದಕ್ಕ ಉತ್ತರ ಬರಿ.

ನಿನ್ನ ಅಪ್ಪ